ಗಿಡ್ಡ ಕಾಲಿನ ಬಂಟ

ನಾಯಿಯೆಂದೊಡನೆ ನಮ್ಮ ಸೀಮೆಯವರಿಗೆ ನೆನಪಾಗುವುದು ನೆರೆಯ ಮುಧೋಳದ ಬೇಟೆನಾಯಿ. ನೀಳವಾದ ಕಾಲು, ಒಳಸೇರಿದ ಹೊಟ್ಟೆ, ಗಾಳಿಯ ವೇಗ! 2005ರಲ್ಲಿ ಅಂಚೆಚೀಟಿಯನ್ನೂ ಏರಿದ ಕೀರ್ತಿ ಅದರದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪಡಸಾಲೆಗಳಲ್ಲಿ ಒಮ್ಮೊಮ್ಮೆ ಕಾಣಸಿಗುವ ಇನ್ನೊಂದು ಜೀವಕ್ಕೆ ಆ ಭಾಗ್ಯವಿಲ್ಲ. ತಂದೆ ಪಟ್ಟಣದಿಂದ ಬಂದ ಡ್ಯಾಶ್‌ಹುಂಡ್, ತಾಯಿ ಓಣಿಯ ನಾಯಿ. ಮರಿಗೆ ತಾಯಿಯ ಮೋರೆ, ತಂದೆಯ ಗೇಣುದ್ದದ ಕಾಲು. ಅದು ತೂಗಾಡುತ್ತ ಬಂದರೆ ಮಕ್ಕಳಿಗೆ ನಗೆ. ನಗೆ ತರಿಸುವ ಆ ಕಾಲಿನಲ್ಲಿಯೇ ಅದರ ಸಂಕಟದ ಸುಳಿವೂ ಅಡಗಿದೆಯೆಂಬುದನ್ನು ಬಲ್ಲವರು ವಿರಳ.

ಕಾಲಿನ ಎಲುಬು ಉದ್ದ ಬೆಳೆಯದಂತೆ ತಡೆಯುವುದು ಒಂದು ವಂಶವಾಹಿಯ ಹೆಚ್ಚುವರಿ ಪ್ರತಿಯೆಂದು ಅಮೆರಿಕದ ವಿಜ್ಞಾನಿಗಳು 2009ರಲ್ಲಿ ಕಂಡುಹಿಡಿದರು. ಅದೇ ವಂಶವಾಹಿಯ ಮತ್ತೊಂದು ಪ್ರತಿ ಬೆನ್ನುಮಣಿಗಳ ನಡುವಣ ಮೆತ್ತೆಗಳನ್ನು ಎಳೆತನದಲ್ಲಿಯೇ ಒಣಗಿಸುತ್ತದೆಂಬುದು 2017ರಲ್ಲಿ ತಿಳಿದುಬಂದಿತು. ಮಿಶ್ರ ತಳಿಯಾದ ಮಾತ್ರಕ್ಕೆ ಈ ಪಿತ್ರಾರ್ಜಿತ ತಪ್ಪದು. ಒಣಗಿದ ಮೆತ್ತೆ ಉಬ್ಬಿ ಬೆನ್ನುಹುರಿಯನ್ನು ಒತ್ತಿತೆಂದರೆ ಹಿಂಗಾಲುಗಳ ಶಕ್ತಿಯೇ ಉಡುಗಿಹೋದೀತು.

ಆದುದರಿಂದ ಮೊದಲ ಔಷಧ, ಮಿತವಾದ ಊಟ. ಕೈಯಾಡಿಸಿದರೆ ಪಕ್ಕೆಲುಬು ಬೆರಳಿಗೆ ತಾಕಬೇಕು. ಮುದ್ದಿಗೆಂದು ಹಾಕುವ ಒಂದೊಂದು ತುತ್ತೂ ಆ ಬೆನ್ನು ಹೊರಬೇಕಾದ ಹೊರೆ. ನಮ್ಮ ಜಿಲ್ಲೆಯ ಹೆಮ್ಮೆಯ ದ್ರಾಕ್ಷಿ, ಒಣದ್ರಾಕ್ಷಿಗಳನ್ನಂತೂ ಕೊಡಲೇಬಾರದು. ಅವು ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ಕಟ್ಟೆಯಿಂದಲೂ ಹೊರಸಿನಿಂದಲೂ ಧುಮುಕಗೊಡದೆ, ಒಂದು ಹಲಗೆಯನ್ನು ಇಳಿಜಾರಾಗಿ ಇಡಿರಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಲಿ. ನುಣುಪು ಫರಸಿಯ ಮೇಲೆ ಗೋಣಿತಾಟು ಹಾಸಿದರೆ ಕಾಲು ಜಾರದು.

ಇನ್ನು ಚರ್ಮದ ಮಾತು. ಗಿಡ್ಡ ನಾಯಿಯ ಹೊಟ್ಟೆ ನೆಲಕ್ಕೆ ಸಮೀಪ. ಬೇಸಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ನೆಲದ ಕಾವು ಮೊದಲು ತಾಗುವುದು ಅದಕ್ಕೆ. ತಿರುಗಾಟ ನಸುಕಿನಲ್ಲಿ ಆಗಲಿ. ಮಳೆಗಾಲದಲ್ಲಿ ಎರೆಮಣ್ಣು ಬೆರಳ ಸಂದಿಯಲ್ಲಿ ಅಂಟಿ, ಒಣಗಿ, ಕಲ್ಲಾಗುತ್ತದೆ. ಹೊರಗಿನಿಂದ ಬಂದೊಡನೆ ಪಾದ, ಹೊಟ್ಟೆ, ತೊಡೆಸಂದುಗಳನ್ನು ತೊಳೆದು, ತೇವ ಉಳಿಯದಂತೆ ಒರೆಸಿರಿ. ನೆಗ್ಗಿಲ ಮುಳ್ಳನ್ನು ಹುಡುಕಿ ತೆಗೆಯಿರಿ. ನಮ್ಮ ಸಾಬೂನು ಅದರ ತೆಳು ಚರ್ಮಕ್ಕೆ ಒಗ್ಗದು. ಉಣ್ಣೆಯನ್ನು ಚಿಮುಟದಿಂದ ಚರ್ಮಕ್ಕೆ ಸಮೀಪ ಹಿಡಿದು ನೇರವಾಗಿ ಎಳೆಯಬೇಕು. ತೊಗರಿಗೆ ತಂದ ಕೀಟನಾಶಕವನ್ನು ನಾಯಿಗೆ ಬಳಿಯುವುದು ಮಾತ್ರ ಸಲ್ಲದು: ನಾಯಿ ಮೈ ನೆಕ್ಕುತ್ತದೆ, ವಿಷ ಒಡಲು ಸೇರುತ್ತದೆ.

ನೋವೆಂದು ಮನುಷ್ಯರ ಮಾತ್ರೆ ನುಂಗಿಸುವವರುಂಟು. ಇಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡಕ್ಕೂ ಕೇಡು ತರುತ್ತದೆ. ಬೆನ್ನು ಗೂನಾಗಿಸಿ ನಿಂತಿತೆ? ಮುಟ್ಟಿದರೆ ಕುಂಯ್‌ಗುಟ್ಟಿತೆ? ಓಡಾಟ ನಿಲ್ಲಿಸಿ ವೈದ್ಯರಲ್ಲಿಗೆ ಒಯ್ಯಿರಿ. ಹಿಂಗಾಲು ಎಳೆದರಂತೂ ಎಣ್ಣೆ ತಿಕ್ಕಿ ‘ನಾಳೆ ನೋಡೋಣ’ ಎನ್ನುವ ಸಮಯವಲ್ಲ ಅದು. ಅಂದೇ, ಆ ಗಳಿಗೆಯಲ್ಲಿಯೇ, ಹಲಗೆಯ ಮೇಲೆ ಮಲಗಿಸಿ ತಾಲೂಕಿನ ಪಶು ಆಸ್ಪತ್ರೆಗೆ ಸಾಗಿಸಬೇಕು. ಕಾಲಿನಲ್ಲಿ ನೋವಿನ ಅರಿವು ಉಳಿದಿರುವಾಗ ಚಿಕಿತ್ಸೆ ದೊರೆತರೆ ಮತ್ತೆ ನಡೆದಾಡುವ ಆಸೆ ಹೆಚ್ಚು. ಆ ಅರಿವು ಅಳಿದ ಮೇಲೆ ಆಸೆ ಕ್ಷೀಣ.

ಮುಧೋಳದ ನಾಯಿಯನ್ನು ನಿಂತು ನೋಡಿ ಮೆಚ್ಚಬಹುದು. ಈ ಬಂಟನ ಯೋಗಕ್ಷೇಮ ತಿಳಿಯಬೇಕಾದರೆ ದಿನಕ್ಕೊಮ್ಮೆಯಾದರೂ ನಾವೇ ನೆಲಕ್ಕೆ ಬಾಗಬೇಕು.