ಜಪಾನಿನ ಇಂಗ್ಲಿಷ್ ಪಾಠ: ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನಮ್ಮ ಸಂಘ-ಸಂಸ್ಥೆಗಳ ವೇದಿಕೆಯ ಮೇಲೆ ಭಾಷೆಯ ಮಾತು ಬಂದಾಗಲೆಲ್ಲ ಜಪಾನನ್ನು ಸಾಕ್ಷಿಗೆ ಕರೆಯುವುದು ರೂಢಿಯಾಗಿಬಿಟ್ಟಿದೆ. ಇಂಗ್ಲಿಷಿನ ಹಂಗಿಲ್ಲದೆ ಅವರು ಮುಂದೆ ಬರಲಿಲ್ಲವೇ ಎಂದು ಒಬ್ಬರು ಮೇಜು ಗುದ್ದುತ್ತಾರೆ. ಪಾಪ, ಅವರಿಗೆ ನಾಲ್ಕು ಮಾತು ನೆಟ್ಟಗೆ ಇಂಗ್ಲಿಷ್ ಬರುವುದಿಲ್ಲವಲ್ಲ ಎಂದು ಇನ್ನೊಬ್ಬರು ನಗುತ್ತಾರೆ. ಇಬ್ಬರೂ ಅಲ್ಲಿನ ಹೈಸ್ಕೂಲಿನೊಳಗೆ ಏನು ನಡೆಯುತ್ತದೆಂದು ವಿಚಾರಿಸಿದವರಲ್ಲ.

ಮೊದಲನೆಯವರಿಗೆ ಹೇಳಬೇಕಾದುದು ಇಷ್ಟು: ಜಪಾನಿನಲ್ಲಿ ಇಂಗ್ಲಿಷ್ ಇಲ್ಲವೆಂಬುದು ಶುದ್ಧ ಸುಳ್ಳು. ಅಲ್ಲಿ ನೂರಕ್ಕೆ 98ರಷ್ಟು ಮಕ್ಕಳು ಹೈಸ್ಕೂಲಿಗೆ ಹೋಗುತ್ತಾರೆ. ಕಿರಿಯ ಹೈಸ್ಕೂಲಿನಲ್ಲಿ ಮೂರು ವರ್ಷ, ಹಿರಿಯ ಹೈಸ್ಕೂಲಿನಲ್ಲಿ ಮೂರು ವರ್ಷ, ಹೀಗೆ ಆರು ವರ್ಷ ಇಂಗ್ಲಿಷ್ ಓದುತ್ತಾರೆ. 2020ರಿಂದ ಐದನೆಯ ಇಯತ್ತೆಯಲ್ಲಿಯೇ ಅದೊಂದು ಪಾಠವಾಗಿದೆ. ವ್ಯತ್ಯಾಸವಿರುವುದು ಬೇರೆ ಕಡೆ. ಅಲ್ಲಿ ಇಂಗ್ಲಿಷ್ ಒಂದು ವಿಷಯ. ಗಣಿತ, ವಿಜ್ಞಾನ, ಇತಿಹಾಸಗಳೆಲ್ಲ ಜಪಾನೀ ಭಾಷೆಯಲ್ಲಿಯೇ.

ಇದೂ ತಾನಾಗಿ ಆದುದಲ್ಲ. ವಾಷಿಂಗ್ಟನ್ನಿನಲ್ಲಿ ಜಪಾನಿನ ರಾಯಭಾರಿಯಾಗಿದ್ದ ಮೋರಿ ಅರಿನೋರಿ, ದೇಶದ ಶಿಕ್ಷಣವೆಲ್ಲ ಇಂಗ್ಲಿಷಿನಲ್ಲಾಗಬೇಕೆಂದು 1872-73ರಲ್ಲಿ ವಾದಿಸಿದವರು. ಮುಂದೆ ಮೊದಲ ಶಿಕ್ಷಣ ಸಚಿವರಾದವರೂ ಅವರೇ. ಆಗ ಲಂಡನ್ನಿನಲ್ಲಿ ಓದುತ್ತಿದ್ದ ಬಾಬಾ ತತ್ಸುಯಿ ಎಂಬ ತರುಣ 1873ರಲ್ಲಿ ಜಪಾನೀ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲೇ ಬರೆದು, ಅದರ ಮುನ್ನುಡಿಯಲ್ಲಿ ಮೋರಿಗೆ ಉತ್ತರ ಕೊಟ್ಟ. ಪರಭಾಷೆ ಶಿಕ್ಷಣದ ಭಾಷೆಯಾದರೆ ಮೇಲಿನವರು ಒಂದು ಕಡೆ, ಬಡಜನ ಇನ್ನೊಂದು ಕಡೆ ಆಗಿಬಿಡುತ್ತಾರೆಂಬುದು ಅವನ ವಾದ. ಜಪಾನ್ ಬಾಬಾನ ದಾರಿಯಲ್ಲಿ ನಡೆಯಿತು. 2008ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಮಸುಕಾವಾ ತೊಶಿಹಿದೆ ಸ್ಟಾಕ್‌ಹೋಮಿನಲ್ಲಿ ತಮ್ಮ ಉಪನ್ಯಾಸವನ್ನು ಜಪಾನೀ ಭಾಷೆಯಲ್ಲಿ ಕೊಟ್ಟರು. ಅದರಿಂದ ಅವರ ವಿಜ್ಞಾನಕ್ಕೇನೂ ಕುಂದು ಬರಲಿಲ್ಲ.

ಇನ್ನು ನಗುವವರ ಮಾತು. ಆರು ವರ್ಷ ಓದಿಯೂ ಹುಡುಗರಿಗೆ ಮಾತು ಹೊರಡದೆಂಬುದು ನಿಜ. ಆದರೆ ಅದು ಹುಡುಗರ ದಡ್ಡತನವೇ? ಜಪಾನೀಯಲ್ಲಿ ನಮ್ಮ ಕನ್ನಡದಂತೆಯೇ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ನಾವು ಬಸ್ಸು ಎಂದಂತೆ ಅವರು ಬಸು ಎನ್ನುತ್ತಾರೆ. ಅಂಥ ಭಾಷೆಯವರಿಗೆ ಇಂಗ್ಲಿಷ್ ದೂರದ ನಂಟು. ಸಾಲದ್ದಕ್ಕೆ, ಹಳೆಯ ಚೀನೀ ಗ್ರಂಥಗಳಿಗೆ ಗುರುತು ಹಾಕಿ, ಪದಗಳನ್ನು ಹಿಂದುಮುಂದು ಮಾಡಿ ಜಪಾನೀಯಾಗಿ ಓದುವ ಶತಮಾನಗಳ ಅಭ್ಯಾಸ ಇಂಗ್ಲಿಷಿಗೂ ಅಂಟಿತು. ಅದಕ್ಕೆ ಯಾಕುದೊಕು ಎನ್ನುತ್ತಾರೆ. ವಾಕ್ಯವನ್ನು ಬಿಡಿಸು, ಅರ್ಥ ಬರೆ, ಮುಂದಿನದಕ್ಕೆ ಹೋಗು. ಬಾಯಿ ತೆರೆಯುವ ಪ್ರಸಂಗವೇ ಇಲ್ಲ. ಇಂಗ್ಲೆಂಡಿನ ಹೆರಾಲ್ಡ್ ಪಾಮರ್ 1922ರಲ್ಲಿ ಹೋಗಿ, ಮಾತಿನ ಮೂಲಕ ಕಲಿಸಿರೆಂದು ಹದಿನಾಲ್ಕು ವರ್ಷ ಹೆಣಗಿದರು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಕೇಳುವುದು ಓದು ಮತ್ತು ವ್ಯಾಕರಣವನ್ನಾದರೆ ಉಪಾಧ್ಯಾಯರು ತಾನೆ ಏನು ಮಾಡಿಯಾರು? ರಾಷ್ಟ್ರೀಯ ಪರೀಕ್ಷೆಯಲ್ಲಿ ಕಿವಿಯಿಂದ ಕೇಳಿ ಉತ್ತರಿಸುವ ಭಾಗ ಬಂದದ್ದೇ 2006ರಲ್ಲಿ.

ಈ ಜ್ವರಕ್ಕೆ ಸರ್ಕಾರ ಹಾಕಿದ ಬರೆಗಳನ್ನು ನೋಡಿ. 1987ರಲ್ಲಿ ಜೆಟ್ ಯೋಜನೆಯಡಿ ಇಂಗ್ಲಿಷ್ ದೇಶಗಳ 848 ತರುಣ-ತರುಣಿಯರನ್ನು ಕರೆಸಿತು. ಈಗ ಬೇರೆ ಬೇರೆ ದೇಶಗಳಿಂದ ಬಂದ ಐದು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದಾರೆ. ಪದವಿ ಇದ್ದರಾಯಿತು, ಶಿಕ್ಷಕ ತರಬೇತಿ ಬೇಕೆಂಬ ಕಟ್ಟಳೆಯಿಲ್ಲ. ಅವರು ಒಳ್ಳೆಯವರಿರಬಹುದು, ಮಕ್ಕಳಿಗೆ ಹೊರಜಗತ್ತಿನ ಗಾಳಿ ತಂದಿರಬಹುದು. ಆದರೆ ಸಹಾಯಕರು ಬಂದು ಹೋಗುತ್ತಾರೆ. ತರಗತಿಯ ಹೊಣೆ ಅಲ್ಲಿನ ಉಪಾಧ್ಯಾಯರದೇ.

2013ರಿಂದ ಹಿರಿಯ ಹೈಸ್ಕೂಲಿನಲ್ಲಿ ಇಂಗ್ಲಿಷನ್ನು ಇಂಗ್ಲಿಷಿನಲ್ಲಿಯೇ ಕಲಿಸುವುದು ಮೂಲ ನಿಯಮವಾಯಿತು. ತರಗತಿಯಲ್ಲಿ ಕೇಳದಿದ್ದರೆ ಮಗು ಇಂಗ್ಲಿಷನ್ನು ಇನ್ನೆಲ್ಲಿ ಕೇಳಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೇಳಲಿ, ಆಡಲಿ, ತಪ್ಪಲಿ. ಆದರೆ ಅರ್ಥವಾಗದ ಮಗುವಿಗೆ ತಾಯಿನುಡಿಯಲ್ಲಿ ಎರಡು ಮಾತು ಬಿಡಿಸಿ ಹೇಳುವುದು ಉಪಾಧ್ಯಾಯನ ಅಪರಾಧವೆಂಬಂತಾದರೆ, ಹಿಂದುಳಿದ ಮಗು ಇನ್ನಷ್ಟು ಹಿಂದುಳಿಯುತ್ತದೆ. ಅದೂ ಎಂಥ ತರಗತಿ? ಹೈಸ್ಕೂಲಿನ ತರಗತಿಗೆ 40 ಮಕ್ಕಳ ಲೆಕ್ಕ. ಉಪಾಧ್ಯಾಯರ ಪಾಡೋ? 2018ರ ಓಇಸಿಡಿ ಸಮೀಕ್ಷೆಯಂತೆ ಕಿರಿಯ ಹೈಸ್ಕೂಲಿನ ಉಪಾಧ್ಯಾಯರು ವಾರಕ್ಕೆ 56 ಗಂಟೆ ದುಡಿಯುತ್ತಾರೆ. ಸಮೀಕ್ಷೆಗೆ ಸೇರಿದ ದೇಶಗಳಲ್ಲೆಲ್ಲ ಅದೇ ಹೆಚ್ಚು. ಅದರಲ್ಲಿ ಪಾಠಕ್ಕೆ ಸಲ್ಲುವುದು 18 ಗಂಟೆ. ಉಳಿದದ್ದು ಆಟೋಟದ ಕ್ಲಬ್ಬು, ಕಾಗದಪತ್ರ, ಸಭೆ ಮುಂತಾದವುಗಳಿಗೆ. ಇವರು ಮಾತಾಡಿಸುವುದು ಯಾವಾಗ, ತಿದ್ದುವುದು ಯಾವಾಗ?

ಎಲ್ಲಕ್ಕೂ ಮೇಲಿನ ಬರೆ 2019ರದು. ವಿಶ್ವವಿದ್ಯಾಲಯ ಪ್ರವೇಶಕ್ಕೆ ಮಾತಿನ ಸಾಮರ್ಥ್ಯವನ್ನು ಅಳೆಯಲೆಂದು ಖಾಸಗಿ ಸಂಸ್ಥೆಗಳ ಪರೀಕ್ಷೆಗಳನ್ನು ತರುವ ಏರ್ಪಾಟಾಗಿತ್ತು. ಕೆಲವು ಪರೀಕ್ಷೆಗಳ ಶುಲ್ಕ 20,000 ಯೆನ್ ಮೀರಿತ್ತು. ದ್ವೀಪಗಳ, ದೂರದ ಹಳ್ಳಿಗಳ ಮಕ್ಕಳಿಗೆ ಪ್ರಯಾಣದ, ವಸತಿಯ ಖರ್ಚು ಬೇರೆ. ಹಣವಿದ್ದವರ ಮಕ್ಕಳು ಮೊದಲೇ ಹಲವು ಸಲ ಬರೆದು ಕೈ ಪಳಗಿಸಿಕೊಳ್ಳಬಹುದಲ್ಲ ಎಂದು ಕೇಳಿದಾಗ, ಅವರವರು ತಮ್ಮ ತಮ್ಮ ಅಳವಿಗೆ ತಕ್ಕಂತೆ ಪ್ರಯತ್ನಿಸಲಿ ಎಂಬರ್ಥದ ಮಾತನ್ನು ಶಿಕ್ಷಣ ಸಚಿವ ಹಗಿಉದಾ ಆಡಿದರು. ದೇಶ ಕೆರಳಿತು. ನವೆಂಬರ್ 1ರಂದು ಯೋಜನೆಯನ್ನು ಮುಂದೂಡಿದರು, 2021ರಲ್ಲಿ ಕೈಬಿಟ್ಟರು. ಸಚಿವರ ನಾಲಗೆ ಜಾರಿತೆಂದು ಕೆಲವರು ಹೇಳಿದರು. ನಾನು ಹಾಗೆನ್ನಲಾರೆ. ಶಾಲೆಯಲ್ಲಿ ಕಲಿಸಲು ಅನುವು ಮಾಡಿಕೊಡದೆ, ಅದನ್ನೇ ಪರೀಕ್ಷೆಯಲ್ಲಿ ಕೇಳಿದರೆ ಕಲಿಕೆ ಮಾರುಕಟ್ಟೆಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಅಳವಿದ್ದವರಿಗೇ ಸರಕು. ಸಚಿವರು ಆಡಿದ್ದು ಯೋಜನೆಯ ಹೂರಣವನ್ನೇ.

ಇಂಗ್ಲಿಷ್ ಎಲ್ಲರಿಗೂ ಬೇಕೇ ಎಂಬ ಪ್ರಶ್ನೆಯೂ ಅಲ್ಲಿ ಹೊಸದಲ್ಲ. ಅದನ್ನು ಕಡ್ಡಾಯ ಮಾಡದೆ, ನೂರಕ್ಕೆ ಐದು ಜನ ಗಟ್ಟಿಯಾಗಿ ಕಲಿತರೆ ಸಾಕೆಂದು 1974ರಲ್ಲಿ ರಾಜಕಾರಣಿ ಹಿರಾಇಜುಮಿ ವಾತಾರು ಸೂಚಿಸಿದರು. ಮಾತು ಬರದಿದ್ದರೂ ಓದು ಬುದ್ಧಿಗೆ ಸಾಣೆ ಎಂದು ಪ್ರಾಧ್ಯಾಪಕ ವಾತಾನಾಬೆ ಶೋಇಚಿ ಎದುರು ನಿಂತರು. ಇಬ್ಬರ ವಾದವನ್ನೂ ನಾನು ಒಪ್ಪುವುದಿಲ್ಲ. ಐದು ಜನ ಯಾರ ಮಕ್ಕಳಾಗುತ್ತಾರೆಂಬುದನ್ನು 2019 ತೋರಿಸಿತು. ಬರಿಯ ಸಾಣೆಗಾಗಿ ಆರು ವರ್ಷ ಸವೆಸುವುದೂ ಅನ್ಯಾಯ. ಚಿಕ್ಕ ತರಗತಿ, ಬಿಡುವುಳ್ಳ ಉಪಾಧ್ಯಾಯ, ಶಾಲೆಯಲ್ಲಿ ಕಲಿಸಿದ್ದನ್ನೇ ಕೇಳುವ ಪರೀಕ್ಷೆ, ತಪ್ಪಿದರೆ ತಾಯಿನುಡಿಯಲ್ಲಿ ತಿದ್ದುವ ಸಲುಗೆ: ಇವು ದುಬಾರಿ ಮದ್ದುಗಳು. ಆದ್ದರಿಂದಲೇ ಸರ್ಕಾರ ಬರೆಯನ್ನು ಇಷ್ಟಪಡುತ್ತದೆ.

ಹೊರನಾಡಿನಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮಗೆ ಜಪಾನಿನ ಸಾಕ್ಷಿ ಬೇಕಿದ್ದರೆ ಪೂರ್ತಿ ಹೇಳಿಕೆ ಪಡೆಯೋಣ. ಇಂಗ್ಲಿಷ್ ಬೇಡವೆಂದು ಅದು ಹೇಳುವುದಿಲ್ಲ. ಸ್ವಂತ ನುಡಿಯಲ್ಲಿ ಓದಿದ್ದರಿಂದ ಮಕ್ಕಳು ಕೆಟ್ಟರೆಂದೂ ಹೇಳುವುದಿಲ್ಲ. ಮನೆಯಲ್ಲಿ ಕನ್ನಡ ಆಡಿದರೆ ಮಗುವಿನ ಇಂಗ್ಲಿಷ್ ಕೆಡುತ್ತದೆಂದು ಹೆದರುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಜಪಾನಿನ ಹುಡುಗನ ಬಾಯಿ ಕಟ್ಟಿದ್ದು ಅವನ ತಾಯಿಯ ಮಾತಲ್ಲ, ಅವನ ಪ್ರಶ್ನೆಪತ್ರಿಕೆ.