ಕಾರಿಗೆ ಕರೆಂಟು: ಮನೆಯಲ್ಲೋ, ಅಂಗಡಿಯಲ್ಲೋ?

ವಿದ್ಯುತ್ ಕಾರು ಕೊಂಡ ವರ್ತಕರು ಸಂಜೆ ಮನೆಗೆ ಬಂದವರೇ ಪ್ಲಗ್ ಚುಚ್ಚುತ್ತಾರೆ. ಊರಿಗೆಲ್ಲ ಕರೆಂಟು ಬೇಕಾಗುವ ಹೊತ್ತೂ ಅದೇ. ಕೇಂದ್ರದ 2023ರ ನಿಯಮದಂತೆ ಬಿಸಿಲಿನ ಎಂಟು ತಾಸು ದರ ಶೇ. 20ರಷ್ಟಾದರೂ ಕಡಿಮೆಯಿರಬೇಕು; ಬೇಡಿಕೆಯ ಹೊತ್ತಿಗೆ ಮನೆಗೆ ಕನಿಷ್ಠ ಶೇ. 10, ಅಂಗಡಿಗೆ ಶೇ. 20 ಹೆಚ್ಚು.

ಹಾಗಾದರೆ ಹಗಲು ಅಂಗಡಿಯಲ್ಲೇ ತುಂಬಿಸಿದರಾಯಿತಲ್ಲ? ಪೇಚು ಇರೋದೇ ಅಲ್ಲಿ. ಅಂಗಡಿಯ ಮೂಲ ದರವೇ ಜಾಸ್ತಿಯಿದ್ದರೆ ರಿಯಾಯಿತಿ ಕಳೆದೂ ಮನೆಯೇ ಅಗ್ಗವಾದೀತು. ಎರಡೂ ಬಿಲ್ಲು ಎದುರಿಟ್ಟು ನೋಡಬೇಕು. ಸೊಲ್ಲಾಪುರದ ಲೆಕ್ಕ ಹೊಸೂರಿಗೆ ಹೊಂದದು. ದರ ಆಯಾ ರಾಜ್ಯದ ಆಯೋಗದ್ದು. ಹೊತ್ತು ಗುರುತಿಸುವ ಮೀಟರ್ ಇಲ್ಲದಿದ್ದರೆ ಈ ರಿಯಾಯಿತಿಯೂ ಇಲ್ಲ.

3.3 ಕಿಲೋವ್ಯಾಟ್ ಚಾರ್ಜರಿಗೆ 15 ಯೂನಿಟ್ ತುಂಬಲು ಐದು ತಾಸು ಸಾಕು. ಮನೆಯಲ್ಲಾದರೆ ನಡುರಾತ್ರಿಗೆ ಟೈಮರ್ ಇಡಿ. ಪಂಪ್‌ಸೆಟ್ ಲೈನಿಗೆ ಮಾತ್ರ ಸಿಕ್ಕಿಸೀರಿ, ಜೋಕೆ! 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಇಮ್ಮಡಿ ದರ ಬೀಳುತ್ತದೆ.