ಆರೈಕೆ ಮಾಡುವವರ ಗತಿಯೇನು?

ಅರವತ್ತಕ್ಕೆ ಅರಳುಮರಳೆಂದು ನಗುವುದು ನಮ್ಮಲ್ಲಿ ರೂಢಿ. ಅದು ಮಿದುಳಿನ ರೋಗವೆಂಬುದನ್ನು ಬಲ್ಲವರು ವಿರಳ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ವರ್ಷ ತುಂಬಿದವರಲ್ಲಿ ಸುಮಾರು 88 ಲಕ್ಷ ಜನರು ಇದಕ್ಕೆ ಈಡಾಗಿರುವರು. ಅವರ ಆರೈಕೆಯ ಹೊರೆಯು ಬಹುಮಟ್ಟಿಗೆ ಮನೆಯ ಹೆಂಗಸರದು. ಇರುಳು ನಿದ್ರೆಯಿಲ್ಲ, ಹಗಲು ಬಾಗಿಲು ತೆರೆದಿಡುವಂತಿಲ್ಲ, ಮುದುಕರು ಬೀದಿಗಿಳಿದು ದಾರಿ ತಪ್ಪುವರು. ಉಂಡುದನ್ನು ಮರೆತು, ಸೊಸೆ ಅನ್ನವಿಕ್ಕಲಿಲ್ಲವೆಂದು ನೆರೆಯವರಲ್ಲಿ ದೂರುವರು, ನೆರೆಯವರು ನಂಬುವರು!

ಹೆತ್ತವರನ್ನು ತೊರೆದವರಿಗೆ 2007ರ ಶಾಸನವು 3 ತಿಂಗಳವರೆಗೆ ಸೆರೆವಾಸವನ್ನು ವಿಧಿಸಿದೆ, ಯುಕ್ತವೇ. ತೊರೆಯದೆ ಸವೆಯುತ್ತಿರುವವರಿಗಾದರೋ ಅದು ಒಂದು ದಿನದ ಬಿಡುವನ್ನೂ ಕೊಡಿಸದು. ತಾಲ್ಲೂಕಿಗೊಂದಾದರೂ ಹಗಲು ಪಾಲನಾಗೃಹವನ್ನು ಸರಕಾರದವರು ತೆರೆಯತಕ್ಕದ್ದೆಂದು ನಾವು ಒತ್ತಿ ಹೇಳುತ್ತೇವೆ. ವಾರಕ್ಕೆರಡು ಹಗಲಾದರೂ ಆ ಹೆಂಗಸರು ನಿದ್ರಿಸಲಿ. ಪಟ್ಟಣದಲ್ಲಿರುವ ಗಂಡುಮಕ್ಕಳೂ ಹಣ ಕಳುಹಿಸಿದೊಡನೆ ಕರ್ತವ್ಯ ತೀರಿತೆಂದೆಣಿಸದೆ, ಸರದಿಯಂತೆ ಬಂದು ಇರುಳು ಕಾಯಬೇಕು.